ಅಲುಗಿಸಿ ನೋಡುವ ಪದ್ಮನಾಭರಾಯರು

ಪದ್ಮನಾಭರಾಯರು ಯಾವ ಕುರ್ಚಿಯಲ್ಲೂ ಬಂದ ಕೂಡಲೇ ಕೂತವರಲ್ಲ. ಮೊದಲು ಅದರ ಬೆನ್ನು ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲುಗಿಸಿ, ಕಾಲುಗಳನ್ನು ಬಗ್ಗಿ ನೋಡಿ, ಆಮೇಲೆ ಕೂರುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ಸೇತುವೆ ಕಟ್ಟುವ ವಿದ್ಯೆ ಕಲಿಸುತ್ತಿದ್ದ ಅವರು ಭಾನುವಾರದ ಊಟಕ್ಕೆ ಬಂಗಾಲಿ ಟೋಲಾ ಕೇರಿಯ ನಮ್ಮ ಮನೆಗೆ ಬರುತ್ತಿದ್ದರು. ಕಂದು ಕೋಟಿನ ಎಡಜೇಬು ಅದರಲ್ಲಿದ್ದ, ಗೋಡೆ ಕಂಬ ನೆಟ್ಟಗಿವೆಯೇ ಎಂದು ದಾರದಲ್ಲಿ ಇಳಿಬಿಟ್ಟು ನೋಡುವ ತೂಗುಗುಂಡಿನ ಭಾರಕ್ಕೆ ಸದಾ ಜೋತುಬಿದ್ದಿರುತ್ತಿತ್ತು; ಅದಕ್ಕೋ ಏನೋ, ನಡಿಗೆಯೂ ಸ್ವಲ್ಪ ಎಡಕ್ಕೆ ವಾಲುತ್ತಿತ್ತು.

"ರಾಯರೇ, ನಮ್ಮ ಕುರ್ಚಿ ಹೋದ ವಾರವೇ ಪಾಸಾಗಿದೆ" ಎಂದು ಅಮ್ಮ ಛೇಡಿಸುತ್ತಿದ್ದಳು.

"ಹೋದ ವಾರದ್ದು ಹೋದ ವಾರಕ್ಕಾಯ್ತಮ್ಮ. ಮೇಲಿನ ಭಾರ ಎಲ್ಲ ಕುರ್ಚಿನೂ ತಡಕೊಳ್ಳುತ್ತೆ. ಪಕ್ಕಕ್ಕೆ ತಳ್ಳಿದಾಗ ಗೊತ್ತಾಗೋದು."

೨೦೦೬ರಲ್ಲಿ ನಮ್ಮೂರಿನ ಲಂಕಾ ಬಡಾವಣೆಯ ಆಚೆ ನಾಲೆಯ ಮೇಲೊಂದು ಸಣ್ಣ ಸೇತುವೆ ಏಳುತ್ತಿತ್ತು. ಕಟ್ಟುವಾಗ ಅದನ್ನು ಹೊರುವ ಮರದ ಆಸರೆಗಳನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವುದು ರಾಯರ ಹೊಣೆ. ಸೂರ್ಯನಿಗೆ ಅರ್ಘ್ಯ ಕೊಡುವ ಛಠ್ ಹಬ್ಬಕ್ಕೆ ಮೊದಲೇ ನೋಡಿ ಸಹಿ ಹಾಕಿದ್ದರು. ಹಬ್ಬ ಕಳೆದ ಮುಂದಿನ ಭಾನುವಾರ ಅಲ್ಲಿ ಕಾಂಕ್ರೀಟ್ ಹಾಕುತ್ತಿದ್ದರು. ರಾಯರು ನಮ್ಮಲ್ಲಿ ಊಟಕ್ಕೆ ಕೂತಿದ್ದರು.

ಅಮ್ಮ ಸಾರು ಬಡಿಸುತ್ತ, "ನಿಮ್ಮ ಸೇತುವೆಯವರು ಒಳ್ಳೇ ಜನ. ಪೂಜೆಯ ಬುಟ್ಟಿ ತಲೆ ಮೇಲೆ ಹೊತ್ತೋರು ಬಗ್ಗಬಾರದು ಅಂತ ಕೆಳಗಿನ ಅಡ್ಡಮರ ಎಲ್ಲ ಬಿಚ್ಚಿ ದಾರಿ ಬಿಟ್ಟಿದ್ರು. ನಿನ್ನೆನೂ ಹಾಗೇ ಇತ್ತು" ಎಂದಳು.

ರಾಯರು ಕಲಸಿದ ಅನ್ನ ಬಿಟ್ಟು ಎದ್ದರು. ಅವರು ಮರೆತ ಕೋಟನ್ನು ಹಿಡಿದು ನಾನೂ ರಿಕ್ಷಾ ಹತ್ತಿದೆ. ದಾರಿಯಲ್ಲಿ ಅವರು ಹೇಳಿದ್ದು ಇಷ್ಟೇ: "ಹಸಿ ಕಾಂಕ್ರೀಟಿಗೆ ಭಾರ ಇರುತ್ತೆ, ಬಲ ಇರಲ್ಲ. ಅದು ಗಟ್ಟಿಯಾಗೋ ತನಕ ಸೇತುವೆ ಅಂದ್ರೆ ಆ ಮರಗಳೇ."

ಹಲಗೆಗಳ ಮೇಲೆ ಇಪ್ಪತ್ತು ಜನ ಕೆಲಸ ಮಾಡುತ್ತಿದ್ದರು. ಕೆಳಗಿನ ಕಂಬಗಳು ನೇರವಾಗಿಯೇ ಕಂಡವು. ಅವನ್ನು ಒಂದಕ್ಕೊಂದು ಬಿಗಿಯಬೇಕಿದ್ದ ಅಡ್ಡಮರಗಳು ದಡದಲ್ಲಿ ಬಿದ್ದಿದ್ದವು.

"ಡಾಕ್ಟರ್ ಸಾಹೇಬ್, ನಿಮ್ಮ ಸಹಿ ಇದೆಯಲ್ಲ" ಎಂದ ಮೇಸ್ತ್ರಿ ಓಂಕಾರ್. "ಈಗ ನಿಲ್ಲಿಸಿದರೆ ಕಲಸಿದ ಮಾಲೆಲ್ಲ ಕಲ್ಲಾಗುತ್ತದೆ."

"ಸಹಿ ಕಂಬ ಹಿಡಿಯೋದಿಲ್ಲ, ಓಂಕಾರ್."

ಕೋಟಿನಿಂದ ತೂಗುಗುಂಡು ತೆಗೆದು ಅಂಚಿನ ಕಂಬದ ಪಕ್ಕ ಇಳಿಬಿಟ್ಟರು. ಬುಡದಲ್ಲಿ ದಾರಕ್ಕೂ ಕಂಬಕ್ಕೂ ಎರಡು ಬೆರಳು ಅಂತರ. ನಾವು ನೋಡುತ್ತಿದ್ದಂತೆ ಅದು ಮೂರಾಯಿತು. ಓಂಕಾರ್ ಎಲ್ಲರನ್ನೂ ಕೂಗಿ ಇಳಿಸಿದ. ಕೊನೆಯವನು ದಡಕ್ಕೆ ಬಂದು ಬೀಡಿ ಹಚ್ಚುವಷ್ಟರಲ್ಲಿ ಕಂಬಗಳೆಲ್ಲ ಒಂದೇ ಕಡೆಗೆ ವಾಲಿ, ಹಲಗೆ, ಸರಳು, ಕಾಂಕ್ರೀಟು ನಾಲೆಗೆ ಜಾರಿದವು.

ಕುಸಿತದ ವರದಿಯಲ್ಲಿ ತಪ್ಪಿತಸ್ಥರೆಂದು ರಾಯರು ಓಂಕಾರನಿಗಿಂತ ಮೊದಲು ತಮ್ಮ ಹೆಸರು ಬರೆದರು: ಹಬ್ಬದ ನಂತರ ಮತ್ತೊಮ್ಮೆ ನೋಡಲಿಲ್ಲ. ಪರೀಕ್ಷಕರ ಪಟ್ಟಿಯಿಂದ ಅವರನ್ನು ಕೈಬಿಟ್ಟರು. ಮುಂದಿನ ಭಾನುವಾರ ಅವರು ಕುರ್ಚಿಯನ್ನು ಎರಡು ಸಲ ಅಲುಗಿಸಿದರು, ಅಮ್ಮ ಛೇಡಿಸದೆ ಎಲೆ ಹಾಕಿದಳು.

ನಿಂತ ಸೇತುವೆಯನ್ನು ಎಲ್ಲರೂ ನೋಡುತ್ತಾರೆ. ಅದು ತನ್ನ ಕಾಲ ಮೇಲೆ ನಿಲ್ಲುವ ತನಕ ಅದನ್ನು ಹೊತ್ತು, ಆಮೇಲೆ ಬಿಚ್ಚಿಹೋಗುವ ಮರಗಳನ್ನು ನೋಡುವವರು ಕೆಲವರೇ. ಅಂಥವರು ಒಮ್ಮೆ ನೋಡದೆ ಬಿಟ್ಟದ್ದನ್ನು ಬದುಕಿಡೀ ನೋಡುತ್ತಲೇ ಇರುತ್ತಾರೆ.