ಒಸ್ವಾಲ್ಡನ ಲೆಕ್ಕದ ನಡಿಗೆ

ನನ್ನ ತಮ್ಮ ಒಸ್ವಾಲ್ಡ್ ತೀರಿಕೊಂಡ ಸುದ್ದಿ ಬಂದದ್ದು ೧೯೫೮ರ ನವೆಂಬರಿನ ಒಂದು ಬೆಳಿಗ್ಗೆ. ದೇರೆಬೈಲಿನಲ್ಲಿ ನಮ್ಮಿಬ್ಬರ ಮನೆಗಳು ಒಂದೇ ಹಿತ್ತಿಲಿನಲ್ಲಿದ್ದವು. ನಾನು ಇಗರ್ಜಿಯ ಬೆಳಗಿನ ಪೂಜೆ ಮುಗಿಸಿ ಬಂದು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಬಂದರಿನಲ್ಲಿ ಅಕ್ಕಿಯ ಬಂಡಸಾಲೆ ಇಟ್ಟುಕೊಂಡಿದ್ದ ರವೂಫ್ ಸಾಹೇಬರು ಬಾಡಿಗೆ ಕಾರಿನಿಂದ ಇಳಿದು, ಅಂಗಳದಲ್ಲೇ ನಿಂತರು.

"ಜೊಕಿಮ್ ಮಾಸ್ಟ್ರೇ, ನೀವು ಸ್ವಲ್ಪ ಕೂತುಕೊಳ್ಳಿ."

"ಕೂತೇ ಇದ್ದೇನಲ್ಲ."

"ನಿಮ್ಮ ತಮ್ಮ ಹೋದರು. ನಮ್ಮ ಬಂಡಸಾಲೆಯ ಮೆಟ್ಟಿಲಲ್ಲಿ ಕೂತವರು ಹಾಗೇ ಗೋಡೆಗೆ ಒರಗಿದ್ರು. ಡಾಕ್ಟ್ರನ್ನು ಕರೆಸಿದೆ. ಎಂತ ಮಾಡ್ಲಿಕ್ಕೂ ಇಲ್ಲ ಅಂದ್ರು."

ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. "ನೀವು ಬೇರೆ ಯಾರನ್ನೋ ನೋಡಿದ್ದೀರಿ. ನನ್ನ ತಮ್ಮ ಗೇಟಿನವರೆಗೂ ನಡೆಯುವವನಲ್ಲ. ಬಂದರಿಗೆ ಎಂತಕ್ಕೆ ಬರ್ತಾನೆ?"

"ನಡೆದೇ ಬಂದದ್ದು, ಮಾಸ್ಟ್ರೇ. ಕಾಲಲ್ಲಿ ಬಿಳಿ ಕೆನ್ವಾಸ್ ಶೂಸ್ ಉಂಟು."

"ಹಾಗಾದರೆ ಅವನು ಅಲ್ಲವೇ ಅಲ್ಲ. ಅದನ್ನು ಹಾಕುವುದು ಅವನ ಹೆಂಡತಿ."

ರವೂಫ್ ಸಾಹೇಬರು ಮೆಟ್ಟಿಲು ಹತ್ತಿ ಬಂದು ನನ್ನ ಕೈ ಹಿಡಿದುಕೊಂಡರು.

ನಾನು ಹಾಗೇಕೆ ಹೇಳಿದೆನೆಂಬುದನ್ನು ತಿಳಿಸಬೇಕು. ಒಸ್ವಾಲ್ಡ್ ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಒಳ್ಳೆಯವನು, ದೈವಭಕ್ತ, ಆದರೆ ಕುರ್ಚಿಯನ್ನು ಬಿಟ್ಟು ಏಳುವವನಲ್ಲ. ಕೆಲವು ವರ್ಷಗಳ ಹಿಂದೆ ಡಾಕ್ಟರರು ಅವನ ರಕ್ತದೊತ್ತಡ ನೋಡಿ ಗಾಬರಿಯಾದರು. ಬೆಳಗಾಗುವಾಗ ಎದ್ದು ಕೈ ಬೀಸಿಕೊಂಡು ದೂರ ನಡೆಯಬೇಕು, ಬರಿಹೊಟ್ಟೆಗೆ ಹಾಗಲಕಾಯಿಯ ರಸ ಕುಡಿಯಬೇಕು, ಒಣಮೀನು ಉಪ್ಪಿನಕಾಯಿ ಬಿಡಬೇಕು, ರಾತ್ರಿ ತೇರ್ಸದ ಜಪಮಾಲೆ ಪ್ರಾರ್ಥನೆ ಮುಗಿದ ಕೂಡಲೇ ಮಲಗಬೇಕು ಎಂದು ಕಟ್ಟಪ್ಪಣೆ ಮಾಡಿದರು.

ಒಸ್ವಾಲ್ಡ್ ಎರಡು ದಿನ ಯೋಚಿಸಿದ. ಮೂರನೆಯ ದಿನ ಹೆಂಡತಿ ರೊಸಾಲಿನಳನ್ನೂ ನನ್ನನ್ನೂ ಕರೆದು ಕೂರಿಸಿದ.

"ಅಣ್ಣ, ಸತ್ತವರಿಗೋಸ್ಕರ ನಾವು ಪೂಜೆ ಕೊಡಿಸ್ತೇವೆ. ಅದರ ಫಲ ಅವರಿಗೆ ಸಿಗ್ತದಾ ಇಲ್ವಾ?"

"ಸಿಗ್ತದೆ."

"ಹೌದಲ್ಲ? ಸತ್ತು ಕಣ್ಣಿಗೆ ಕಾಣದವರಿಗೇ ಸಿಗ್ತದೆ. ಹಾಗಿರುವಾಗ ಪಕ್ಕದಲ್ಲಿ ಕೂತ ಗಂಡನಿಗೆ ಸಿಗದೆ ಹೋಗ್ತದಾ ಮಾರಾಯ? ನನ್ನ ನಡಿಗೆ ರೊಸಾಲಿನ್ ನಡೀಲಿ. ನನಗೋಸ್ಕರ ಅಂತ ದೇವರಿಗೆ ಒಪ್ಪಿಸಿದರೆ ಆಯ್ತು."

ನಾನು ನಮ್ಮ ಇಗರ್ಜಿಯ ಪಾದ್ರಿಗಳಾದ ವಿಗಾರರನ್ನು ಕೇಳಿದೆ. "ಪ್ರಾರ್ಥನೆಯ ವಿಷಯ ನನಗೆ ಗೊತ್ತುಂಟು, ಮಾಸ್ಟ್ರೇ. ಹಾಗಲಕಾಯಿಯ ವಿಷಯ ನಮಗೆ ಸೆಮಿನರಿಯಲ್ಲಿ ಕಲಿಸ್ಲಿಲ್ಲ. ಆದರೆ ಮನಸ್ಸಿನ ಉದ್ದೇಶ ಒಳ್ಳೆಯದು" ಎಂದರು. ಒಸ್ವಾಲ್ಡನಿಗೆ ಕೊನೆಯ ಮಾತೊಂದೇ ಸಾಕಾಯಿತು.

ರೊಸಾಲಿನ್ ಎಂದೂ ಯಾವುದನ್ನೂ ಅರ್ಧ ಮನಸ್ಸಿನಿಂದ ಮಾಡಿದವಳಲ್ಲ. ನಡಿಗೆ ಗಂಡನದ್ದಾದ್ದರಿಂದ ಶೂಸು ಗಂಡನ ಅಳತೆಯದ್ದೇ ಆಗಬೇಕೆಂದು ಹಟ ಹಿಡಿದು ಕೊಂಡು ತಂದಳು. ಶೂಸಿನ ತುದಿಗೆ ಬಟ್ಟೆ ತುರುಕಿ ಕಾಲಿಗೆ ಹಾಕಿಕೊಂಡಳು. ಪ್ರತಿದಿನ ಗೇಟಿನ ಬಳಿ ಶಿಲುಬೆಯ ಗುರುತು ಮಾಡಿ, "ದೇವರೇ, ಇದು ನನ್ನ ಗಂಡನ ರಕ್ತದೊತ್ತಡಕ್ಕೆ" ಎಂದು ಒಪ್ಪಿಸಿ, ಸೀರೆ ಎತ್ತಿ ಕಟ್ಟಿ, ಕೈ ಬೀಸುತ್ತಾ ಬಂದರಿನವರೆಗೆ ನಡೆದು, ರವೂಫ್ ಸಾಹೇಬರ ಮೆಟ್ಟಿಲಲ್ಲಿ ಅರೆಗಳಿಗೆ ಕುಳಿತು, ಮರಳಿ ನಡೆದೇ ಬರುತ್ತಿದ್ದಳು. ಒಸ್ವಾಲ್ಡ್ ಜಗಲಿಯ ಆರಾಮ ಕುರ್ಚಿಯಲ್ಲಿ ಕಾಯುತ್ತಿದ್ದ.

"ಇವತ್ತು ನನ್ನ ಮೀನಖಂಡ ಎಳೀತದೆ. ನೀನು ಜೋರಾಗಿ ನಡೆದಿದ್ದಿ."

"ಕಂಬಳದ ಕೋಣ ಅಡ್ಡ ಬಂತು. ಓಡ್ಬೇಕಾಯ್ತು."

"ಅದೇ ನೋಡು, ನನಗೂ ಏದುಸಿರು ಬಂತು!"

ಅವಳು ಹಾಗಲಕಾಯಿಯ ರಸ ಕುಡಿದರೆ ಇವನು ಮುಖ ಕಿವಿಚುತ್ತಿದ್ದ. ಅವಳು ಒಣಮೀನು ಬಿಟ್ಟಳು, ಆ ಪಾಲನ್ನೂ ಇವನೇ ತಿಂದ. ವರ್ಷದ ಕೊನೆಗೆ ಡಾಕ್ಟರರು ಪರೀಕ್ಷೆಗೆ ಬರಹೇಳಿದಾಗ, ಒಸ್ವಾಲ್ಡ್ ಹೆಂಡತಿಯ ತೋಳನ್ನು ಮುಂದೆ ಮಾಡಿಸಿದ.

"ಇವರದ್ದು ಬಹಳ ಚೆನ್ನಾಗಿ ಉಂಟು. ಇಪ್ಪತ್ತು ವರ್ಷದ ಹುಡುಗಿಯ ಹಾಗೆ" ಎಂದರು ಡಾಕ್ಟರರು.

"ನಾನು ಹೇಳ್ಲಿಲ್ವಾ, ಗುಣ ಆಗ್ತಾ ಉಂಟು" ಎಂದು ಒಸ್ವಾಲ್ಡ್ ತನ್ನ ತೋಳನ್ನು ತೋರಿಸದೆಯೇ ಮನೆಗೆ ಬಂದ.

ಹೀಗೆ ವರ್ಷಗಳು ಕಳೆದವು. ಗುಡುಗು ಮಳೆಗೂ ತಪ್ಪದ ನಡಿಗೆ ತಪ್ಪಿದ್ದು ಒಂದೇ ಒಂದು ದಿನ. ಅವತ್ತು ರೊಸಾಲಿನಳಿಗೆ ಮೈಸುಡುವ ಜ್ವರವಿತ್ತು. ಅವಳು ಎಚ್ಚರ ತಪ್ಪಿದಂತೆ ಮಲಗಿದ್ದಳು. ಕಣ್ಣು ತೆರೆಯುವಾಗ ಗಂಡನ ಶವ ಅಂಗಳಕ್ಕೆ ಬಂದಿತ್ತು.

ಶವಸಂಸ್ಕಾರ ಮುಗಿದ ಮೇಲೆ ಅವಳು ಗೋಡೆಗೆ ಮುಖ ಮಾಡಿ ಕುಳಿತಳು. ಗಂಜಿ ಇಟ್ಟರೆ ಮುಟ್ಟಲಿಲ್ಲ.

"ನಾನು ಕೊಂದದ್ದು, ಭಾವ. ಒಂದು ದಿನ ನಡೀಲಿಲ್ಲ. ಅದೇ ದಿನ ಹೋದರು."

"ಒಂದು ದಿನ ತಪ್ಪಿದರೆ ಯಾರೂ ಸಾಯುವುದಿಲ್ಲ, ರೊಸಾಲಿನ್."

"ನೀವು ಡಾಕ್ಟ್ರಾ? ಸತ್ತಿದ್ದಾರಲ್ಲ! ನನ್ನ ಕಣ್ಣೆದುರು ಉಂಟಲ್ಲ!"

ಅವನ ಹೃದಯ ಮೊದಲೇ ದುರ್ಬಲವಾಗಿತ್ತೆಂದು ಡಾಕ್ಟರರು ಬಂದು ಹೇಳಿದರು. ಎಲ್ಲವೂ ದೇವರ ಚಿತ್ತವೆಂದು ವಿಗಾರರು ಹೇಳಿದರು. ಅವಳು ಇಬ್ಬರಿಗೂ ಒಂದೇ ಉತ್ತರ ಕೊಟ್ಟಳು: "ಅವರ ನಡಿಗೆ ನನ್ನ ಕೈಯಲ್ಲಿತ್ತು." ವಾರ ತುಂಬುವ ಹೊತ್ತಿಗೆ ಅವಳು ಎದ್ದು ನಿಂತರೆ ಬೀಳುವಷ್ಟು ಸೊರಗಿದ್ದಳು. ಇನ್ನೊಂದು ವಾರ ಹೀಗೇ ಹೋದರೆ ಅವಳನ್ನೂ ಅವನ ಪಕ್ಕದಲ್ಲೇ ಮಲಗಿಸಬೇಕಾದೀತೆಂದು ನನಗೆ ಭಯವಾಯಿತು. ತಮ್ಮನಿಗಾಗಿ ಅಳಲೂ ನನಗೆ ಪುರಸೊತ್ತಿರಲಿಲ್ಲ.

ಏಳನೆಯ ದಿನದ ಪೂಜೆಯ ಸಂಜೆ ರವೂಫ್ ಸಾಹೇಬರು ಮನೆಗೆ ಬಂದರು. "ಅವತ್ತು ಆ ಗಲಾಟೆಯಲ್ಲಿ ಹೇಳ್ಲಿಕ್ಕೆ ಆಗ್ಲಿಲ್ಲ, ಬಾಯಮ್ಮ" ಎಂದು ಬಾಗಿಲಲ್ಲೇ ನಿಂತು ಶುರುಮಾಡಿದರು. "ಪೊರ್ಬುಗಳು, ನಿಮ್ಮ ಗಂಡ, ಬಂದಾಗ ನಾನೇ ಮಾತಾಡಿಸಿದ್ದು. ಎಂತ, ಇವತ್ತು ಬಾಯಮ್ಮ ಬರ್ಲಿಲ್ವಾ ಅಂತ ಕೇಳಿದೆ. ಅವಳಿಗೆ ಜ್ವರ, ಅವಳಿಗೋಸ್ಕರ ಇವತ್ತು ನಾನು ನಡೀತಿದ್ದೇನೆ ಅಂದ್ರು."

ರೊಸಾಲಿನ್ ಗೋಡೆಯಿಂದ ಮುಖ ತಿರುಗಿಸಿದಳು.

"ಯಾರಿಗೋಸ್ಕರ?"

"ನಿಮಗೋಸ್ಕರ. ದೇವರಿಗೆ ಒಪ್ಪಿಸಿಯೇ ಹೊರಟದ್ದಂತೆ. ಮೈಯೆಲ್ಲ ಬೆವರು. ನೀರು ಕೊಟ್ಟೆ. ಕುಡಿದು, ಸಾಹೇಬ್ರೇ, ಅವಳು ವಾಪಾಸು ಹೋಗುವುದೂ ನಡೆದೇಯಾ ಅಂತ ಕೇಳಿದ್ರು. ದಿನಾ ನಡೆದೇ ಅಂದೆ. ಅಯ್ಯೋ ದೇವರೇ, ಹಾಗಾದರೆ ಸ್ವಲ್ಪ ಕೂತುಕೊಳ್ತೇನೆ ಅಂದ್ರು. ಅಷ್ಟೇ."

"ಹೊತ್ತು ಎಷ್ಟಾಗಿತ್ತು?"

"ಸೂರ್ಯ ಆಗಷ್ಟೇ ಮೇಲೆ ಬಂದಿದ್ದ."

"ನನಗೆ ಬೆವರು ಬಿಟ್ಟು ಜ್ವರ ಇಳಿದದ್ದೂ ಆವಾಗಲೇ. ಅರೆನಿದ್ದೆಯಲ್ಲಿ ಕಿಟಕಿಯ ಬಿಸಿಲು ಕಂಡದ್ದು ನೆನಪುಂಟು" ಎಂದಳು ರೊಸಾಲಿನ್. ಬೆಳಗಿನ ಜಾವ ಜ್ವರ ಇಳಿಯುವುದು ಸಾಮಾನ್ಯವೆಂದು ನನಗೆ ತಿಳಿದಿತ್ತು. ಆದರೆ ಇದೂ ಹಾಗೆಯೇ ಇಳಿದದ್ದೆಂದು ನಾನು ಹೇಳಲಾರೆ, ಅಲ್ಲವೆಂದೂ ಹೇಳಲಾರೆ. ದೇವರು ಯಾರ ಕಾಲನ್ನು ಯಾರ ಲೆಕ್ಕಕ್ಕೆ ಹಿಡಿಯುತ್ತಾನೋ ಅವನಿಗೇ ಗೊತ್ತು.

ಆಮೇಲೆ ಅವಳು ಜೋರಾಗಿ ಅತ್ತಳು. ಆ ವಾರದಲ್ಲಿ ಅತ್ತದ್ದು ಅದೇ ಮೊದಲು. ಅತ್ತು ಮುಗಿಸಿ ಮೂಗು ಒರೆಸಿಕೊಂಡು ಕೇಳಿದಳು: "ಹಾಗಾದರೆ ಅವರು ವಾಪಾಸು ಬರುವ ನಡಿಗೆ ಬಾಕಿ ಉಂಟಲ್ಲ, ಭಾವ?"

ಹರಕೆ ಹೊತ್ತವರು ನಡುವೆ ತೀರಿಕೊಂಡರೆ ಉಳಿದದ್ದನ್ನು ಮನೆಯವರು ಪೂರೈಸುವುದು ನಮ್ಮಲ್ಲಿ ಮೊದಲಿನಿಂದಲೂ ಉಂಟು. ಇದನ್ನೂ ಪೂರೈಸೋಣ ಎಂದೆ. ಆದರೆ ಗಂಜಿ ಕುಡಿಯದೆ ನಡೆಯಲು ಸಾಧ್ಯವಿಲ್ಲವೆಂದೂ ಹೇಳಿದೆ. ಅವಳು ತಟ್ಟೆ ಎಳೆದುಕೊಂಡಳು.

ಎರಡು ದಿನ ಅವಳಿಗೆ ಊಟ ಮಾಡಿಸಿ, ಮೂರನೆಯ ಬೆಳಿಗ್ಗೆ ಕಾರಿನಲ್ಲಿ ಬಂದರಿಗೆ ಹೋದೆವು. ಒಸ್ವಾಲ್ಡ್ ಕುಳಿತಿದ್ದ ಮೆಟ್ಟಿಲಿನಿಂದಲೇ ಹೊರಟೆವು. ಕೈ ಬೀಸಬೇಕೆಂದು ಡಾಕ್ಟರರು ಹೇಳಿದ್ದರಿಂದ ಬೀಸಿದೆವು, ಜಪಮಾಲೆ ಕೈಯಲ್ಲೇ ಇದ್ದದ್ದರಿಂದ ಅದೂ ಗಾಳಿಯಲ್ಲಿ ಹಾರಾಡಿತು. ಕಾಲುದಾರಿಯಲ್ಲಿ ಪೆಟ್ಟು ತಿನ್ನದಂತೆ ಜನರು ಬದಿಗೆ ಸರಿದರು. "ನಾನೂ ಸ್ವಲ್ಪ ದೂರ ಬರ್ತೇನೆ" ಎಂದು ಜೊತೆಗೆ ಹೊರಟ ರವೂಫ್ ಸಾಹೇಬರು ಟೊಪ್ಪಿ ಹಿಡಿದುಕೊಂಡು ಒಂದೇ ಕೈ ಬೀಸಿದರು. ಮೀನಿನ ಬುಟ್ಟಿಯ ಹೆಂಗಸರು ಬಿದ್ದು ಬಿದ್ದು ನಕ್ಕರು. ಮಣ್ಣಗುಡ್ಡೆಯ ಬಳಿ ಗುರುತಿಲ್ಲದ ಮುದುಕಿಯೊಬ್ಬಳು ಮೆರವಣಿಗೆಯೆಂದು ತಿಳಿದು, ತಲೆಗೆ ಸೆರಗು ಹೊದ್ದು ನಮ್ಮ ಹಿಂದೆ ಸೇರಿಕೊಂಡಳು.

"ಇವತ್ತು ಯಾವ ಸಂತರ ಹಬ್ಬ?"

"ಒಸ್ವಾಲ್ಡನದ್ದು" ಎಂದೆ. ಅವಳು ಒಪ್ಪಿ, ಕೈ ಬೀಸತೊಡಗಿದಳು.

ನನ್ನ ಮಂಡಿ ಊದಿತ್ತು. ಏರಿನಲ್ಲಿ ರೊಸಾಲಿನ್ ನನ್ನ ತೋಳು ಹಿಡಿದು ನಡೆಸಿದಳು. ಅವಳ ಹೆಜ್ಜೆ ಗಟ್ಟಿಯಾಗಿತ್ತು. ಮನೆಯ ಗೇಟು ದಾಟಿದ ಮೇಲೆ, "ಮುಗೀತು. ಮನೆಗೆ ಬಂದ್ರು" ಎಂದು ಹೇಳಿ, ಎಲ್ಲರಿಗೂ ನೀರು ತರಲು ಒಳಗೆ ಹೋದಳು. ನಾನು ಅಂಗಳದಲ್ಲೇ ಮೊಣಕಾಲೂರಿದೆ.

ದಯಾಮಯನಾದ ದೇವರೇ, ನನ್ನ ತಮ್ಮನನ್ನು ನಿನ್ನ ಬಳಿಗೆ ಸೇರಿಸಿಕೋ. ಒಂದೇ ದಿನ ನಡೆದರೂ ಅವನು ಇನ್ನೊಬ್ಬರಿಗಾಗಿ ನಡೆದ. ಅವನ ದಣಿವನ್ನು ಆರಿಸು. ಇನ್ನು ಯಾರೂ ಅವನನ್ನು ಏಳು ಎನ್ನದಿರಲಿ. ನಿನ್ನ ಬೆಳಕಿನಲ್ಲಿ ಅವನ ಆತ್ಮಕ್ಕೆ ಎಂದೆಂದಿಗೂ ಶಾಂತಿ ಇರಲಿ. ಆಮೆನ್.