ಅಮೃತಶಿಲೆಯ ಮೇಲೆ ನಿಂಬೆಹುಳಿ

ಪಿರಿಯಾಪಟ್ಟಣದ ಸೋಮಶೇಖರನ ಗೊಬ್ಬರದ ಅಂಗಡಿಗೆ ಹೋಗಿ ಸುಮ್ಮನೆ ಒಂದು ಮೂಟೆ ಕೊಡಿ ಅಂದರೆ ಸಿಗುವುದಿಲ್ಲ. ಗಲ್ಲಾದ ಮೇಲೆ ಬೋರ್ಡೇ ಇದೆ: ‘ಮೊದಲು ಮಣ್ಣು, ಆಮೇಲೆ ಮಾತು.’ ಮಣ್ಣು ಪರೀಕ್ಷೆಯ ಕಾರ್ಡ್ ತರದವನಿಗೆ ಅವನು ಗೊಬ್ಬರ ಕೊಡುವುದಿಲ್ಲ, ಭಾಷಣ ಕೊಡುತ್ತಾನೆ. ಬೆಟ್ಟದಪುರದ ಹೊಗೆಸೊಪ್ಪಿನವರು, ಹುಣಸೂರು ಕಡೆಯ ಶುಂಠಿಯವರು, ಅದನ್ನು ಕೇಳದ ರೈತರೇ ಇಲ್ಲ.

ಇಂಥವನ ಗಲ್ಲಾದ ಪಕ್ಕದಲ್ಲೇ ಮೀನುಗಳು ಸಾಯತೊಡಗಿದವು.

ಮೀನು ಮಗಳದ್ದು. ಮೈಸೂರಿನ ಹಾಸ್ಟೆಲಿಗೆ ಹೊರಡುವಾಗ ಐಶ್ವರ್ಯ ಗಾಜಿನ ತೊಟ್ಟಿಯನ್ನು ಅಪ್ಪನಿಗೆ ಒಪ್ಪಿಸಿದ್ದಳು. ಐದು ಏಂಜಲ್ ಮೀನು, ಒಂದೊಂದರ ಮೈಮೇಲೂ ಒಂದೊಂದು ಥರದ ಪಟ್ಟೆ. ಅವಳಿಟ್ಟ ಹೆಸರುಗಳು ನ, ಮ, ಶಿ, ವಾ, ಯ.

“ಒಂದಕ್ಷರಾನೂ ಕಡಮೆ ಆಗಬಾರ್ದು ಅಪ್ಪಾಜಿ.”

“ನಾನಿದೀನಲ್ಲವ್ವಾ,” ಅಂದಿದ್ದ ಸೋಮಶೇಖರ. ಮಗಳಿಲ್ಲದ ಮನೆ ಬಿಕೋ ಅನ್ನುತ್ತಿತ್ತು. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೆ ಅವನು ಮೊದಲು ಮಾತಾಡಿಸುತ್ತಿದ್ದುದು ಆ ಐದಕ್ಷರವನ್ನೇ.

ಅವಳು ಬಂದಾಗ ಖುಷಿಪಡಲಿ ಅಂತ ಒಂದು ಘನಕಾರ್ಯವನ್ನೂ ಮಾಡಿದ. ತೊಟ್ಟಿಯ ತಳದಲ್ಲಿದ್ದ ಕರಿ ಜಲ್ಲಿ ಟಾರು ರಸ್ತೆ ಕಿತ್ತುಹಾಕಿದ ಹಾಗೆ ಕಾಣುತ್ತಿತ್ತು. ಅದನ್ನು ಆಚೆ ಸುರಿದು, ದೇವರಮನೆಗೆ ನೆಲ ಹಾಕಿಸಿದಾಗ ಉಳಿದಿದ್ದ ಅಮೃತಶಿಲೆಯ ಚೂರುಗಳನ್ನು ಏಳು ಸಲ ತೊಳೆದು ಹರಡಿದ. ತೊಟ್ಟಿ ಕೈಲಾಸದ ಹಾಗೆ ಬೆಳ್ಳಗಾಯಿತು. ಮೂರನೇ ವಾರಕ್ಕೆ ನ ತೇಲಿತು. ನಾಲ್ಕನೇ ವಾರಕ್ಕೆ ಮ.

ಸೋಮಶೇಖರ ನೀರು ಪರೀಕ್ಷೆ ಮಾಡಿದ. ಪಿಎಚ್ ಎಂಟೂವರೆ! ಈ ಮೀನಿಗೆ ಏಳರ ಆಸುಪಾಸು ಇರಬೇಕು. ನಲ್ಲಿ ನೀರನ್ನು ಬೈದು ಬೋರ್‌ವೆಲ್ ನೀರು ತರಿಸಿದ, ಅದನ್ನೂ ಬೈದು ಫಿಲ್ಟರ್ ನೀರಿನ ಕ್ಯಾನು ತರಿಸಿದ. ಹೊಯ್ದಾಗ ಏಳಿರುವುದು ಮೂರು ದಿನಕ್ಕೆ ಮತ್ತೆ ಎಂಟೂವರೆ. ಮೀನುಗಳು ರೆಕ್ಕೆ ಮುದುರಿ ಮೂಲೆ ಸೇರಿದವು. ಹೆಂಡತಿ ಶಿವನಂಜಮ್ಮ ಮಾತ್ರ ಇದು ದೃಷ್ಟಿಯೇ ಎಂದು ತೀರ್ಮಾನಿಸಿ, ತೊಟ್ಟಿಯ ಪಕ್ಕ ಗಾಜಿನ ಲೋಟದ ನೀರಲ್ಲಿ ಒಂದು ನಿಂಬೆಹಣ್ಣು ತೇಲಿಬಿಟ್ಟಳು. ಭಾನುವಾರ ಐಶ್ವರ್ಯ ಬರುವವಳಿದ್ದಳು.

ಶುಕ್ರವಾರ ದೊಡ್ಡಮಾದಯ್ಯ ಬಂದ. ವಯಸ್ಸಾದ ರೈತ, ಹರೆಯದಲ್ಲಿ ಸುಣ್ಣದ ಗೂಡಿನಲ್ಲಿ ಕಲ್ಲು ಸುಟ್ಟವನು.

“ಕಾರ್ಡ್ ತಂದ್ರಾ ಮಾದಯ್ಯಣ್ಣ?”

“ಇಲ್ಲ ಕಣ್ರೀ. ಶುಂಠಿ ಹೊಲಕ್ಕೆ ಎಲ್ಡು ಮೂಟೆ ಸುಣ್ಣ ಕೊಡಿ, ಸಾಕು.”

“ಮಣ್ಣು ನೋಡ್ದೆ ಸುಣ್ಣ ಹಾಕ್ತೀರಾ? ಹುಳಿ ಮಣ್ಣಾದ್ರೆ ಸರಿ. ಇಲ್ದಿದ್ರೆ ಪಿಎಚ್ ಏರಿ ಗಿಡದ ಬೇರೇ...” ಭಾಷಣ ಅಲ್ಲಿಗೇ ನಿಂತಿತು. ತೊಟ್ಟಿಯಲ್ಲಿ ಶಿ ಓರೆಯಾಗಿ ವಾಲುತ್ತಿತ್ತು.

ಮಾದಯ್ಯ ಬಗ್ಗಿ ನೋಡಿದ. “ಯಾಕ್ರೀ, ಮೀನ್ಗೇನಾಗದೆ?”

“ನೀರು ಸರಿಯಿಲ್ಲ.”

“ನೀರು ಅತ್ಲಾಗ್ ಬುಡಿ. ತಳಕ್ಕೆ ಹಾಕಿದ್ದೀರಲ್ಲ, ಅದ್ರ ಕಾರ್ಡ್ ಎಲ್ಲದೆ?”

ಕೇಳದೆಯೇ ತೊಟ್ಟಿಗೆ ಕೈಹಾಕಿ ಒಂದು ಬಿಳಿ ಚೂರು ತೆಗೆದ. ಅಡಿಕೆ ಕತ್ತರಿಸುವ ಚಾಕುವಿನಿಂದ ದೃಷ್ಟಿಯ ನಿಂಬೆಹಣ್ಣನ್ನು ಸೀಳಿ ಎರಡು ಹನಿ ಹಿಂಡಿದ. ಕಲ್ಲಿನ ಮೇಲೆ ಸಣ್ಣಗೆ ನೊರೆ ಎದ್ದಿತು.

“ಇದೂ ಸುಣ್ಣದ ಕಲ್ಲೇ ಕಣ್ರೀ. ನೋಡಿ, ಸುಣ್ಣ ಹೆಂಗೆ ಮಾತಾಡ್ತಾ ಅದೆ.”

ಸೋಮಶೇಖರನಿಗೆ ನೆಲ ಬಿರಿದು ನುಂಗಬಾರದೇ ಅನಿಸಿತು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಇಲ್ಲಿ ಬುಡವೆಲ್ಲ ಬೆಳ್ಳಗೇ ಇತ್ತು, ಅದಕ್ಕೇ ಅವನಿಗೆ ಕಂಡಿರಲಿಲ್ಲ. ತೊಟ್ಟಿಯ ನೀರನ್ನೆಲ್ಲ ಒಮ್ಮೆಲೇ ಚೆಲ್ಲಲು ಹೊರಟವನನ್ನು ತಡೆದದ್ದು ಅವನದೇ ಭಾಷಣ: ಮಣ್ಣಿಗೆ ದಿಢೀರ್ ಬದಲಾವಣೆ ಆಗಿಬರಲ್ಲ, ನಿಧಾನ. ಕಲ್ಲುಗಳನ್ನೆಲ್ಲ ಸೌಟಿನಲ್ಲಿ ಎತ್ತಿ ತೆಗೆದ. ಹಳೇ ನೀರು ಒಂದು ಲೋಟ ಆಚೆಗೆ, ಹೊಸದು ಒಂದು ಲೋಟ ಒಳಗೆ. ಶನಿವಾರವೂ ಅದೇ ಕೆಲಸ.

ಶುಕ್ರವಾರ ಮಾದಯ್ಯ ಹೊರಡುವ ಮುಂಚೆಯೇ, ನಾಚಿಕೆಗೆ, ಎರಡು ಮೂಟೆ ಸುಣ್ಣ ತಾನೇ ಎತ್ತಿಕೊಟ್ಟ. “ತಗೊಂಡೋಗಿ ಮಾದಯ್ಯಣ್ಣ. ಕಾರ್ಡ್ ಬೇಡ.”

“ಬ್ಯಾಡ ಬ್ಯಾಡ,” ಎಂದು ಮಾದಯ್ಯ ಹಿಂದೆ ಸರಿದ. “ಕಾರ್ಡ್ ಮಾಡುಸ್ಕೊಂಡೇ ಬತ್ತೀನಿ. ತಿಳೀದೆ ಸುಣ್ಣ ಹಾಕುದ್ರೆ ಏನಾಯ್ತದೆ ಅಂತ ಈಗ ಕಣ್ಣಾರೆ ನೋಡುದ್ನಲ್ಲ!”

ಭಾನುವಾರ ಐಶ್ವರ್ಯ ಬ್ಯಾಗನ್ನೂ ಇಳಿಸದೆ ತೊಟ್ಟಿಯ ಮುಂದೆ ನಿಂತಳು. ಬರೀ ಗಾಜಿನ ತಳದ ಮೇಲೆ ಮೂರು ಮೀನು ರೆಕ್ಕೆ ಬಿಚ್ಚಿ ಓಡಾಡುತ್ತಿದ್ದವು.

“ಶಿವಾಯ ಇದೆ. ನಮ ಎಲ್ಲಿ?” ಅಪ್ಪನ ಕಡೆ ತಿರುಗಿದಳು. “ನೀರು ಸರಿಯಿರ್ಲಿಲ್ವಾ ಅಪ್ಪಾಜಿ?”

ಎರಡು ದಿನದಿಂದ ಅವನು ಬಾಯಿಪಾಠ ಮಾಡಿಕೊಂಡಿದ್ದ ಸುಳ್ಳನ್ನು ಮಗಳೇ ಕೈಗಿಡುತ್ತಿದ್ದಳು. ಹೂಂ ಅಂದರೆ ಮುಗಿದುಹೋಗುತ್ತಿತ್ತು. ಆದರೆ ಅವಳ ಮುಖ ನೋಡಿ ಅನ್ನಲಾಗಲಿಲ್ಲ.

“ನೀರು ಚೆನ್ನಾಗೇ ಇತ್ತು ಕಣವ್ವಾ. ತಳಕ್ಕೆ ಸುಣ್ಣದ ಕಲ್ಲು ಹಾಕಿದೋನು ನಾನು.”

ಐಶ್ವರ್ಯ ಬೋರ್ಡನ್ನು ನೋಡಿದಳು, ಅಪ್ಪನನ್ನು ನೋಡಿದಳು. ಕಣ್ಣು ತುಂಬಿಕೊಂಡಿತು.

“ಊರ ಹೊಲಕ್ಕೆಲ್ಲ ಬೆಣ್ಣೆ, ನನ್ನ ಮೀನಿಗೆ ಸುಣ್ಣವಾ ಅಪ್ಪಾಜಿ?”