ನಿಂತು ಕುಡಿದ ಚಹಾ

ಮಹಡಿಯ ಮೇಲಿನ ಹಜಾರದಲ್ಲಿ ಯೋಗ ಕಲಿಸುತ್ತಿದ್ದ ಆಕೆಗೆ ಶಿಷ್ಯರು ಬೆನ್ನ ಹಿಂದೆ ಇಟ್ಟಿದ್ದ ಹೆಸರು ‘ಉಸಿರು ಟೀಚರ್’. ಉಸಿರಿನ ಮೇಲೆ ಗಮನ ಇರಲಿ ಎಂದು ನಿಮಿಷಕ್ಕೊಮ್ಮೆ ಹೇಳದಿದ್ದರೆ ಆಕೆಗೆ ಸಮಾಧಾನವಿಲ್ಲ. ಕಾಲು ಜೋಮು ಹಿಡಿಯಿತೆಂದರೆ ಆ ಜೋಮನ್ನೇ ಗಮನಿಸಿ ಎನ್ನುತ್ತಾರೆ ಎಂದು ನಗುತ್ತಿದ್ದರು. ಆದರೂ ಯಾರೂ ಕ್ಲಾಸು ತಪ್ಪಿಸುತ್ತಿರಲಿಲ್ಲ.

ಕೆಳಗಿನ ಮನೆಯಲ್ಲಿ ಆಕೆ ಮತ್ತು ಅಕ್ಕ ಇಬ್ಬರೇ. ಅಕ್ಕನದು ಚಹಾ ಕಂಪನಿಯಲ್ಲಿ ರುಚಿ ನೋಡುವ ಕೆಲಸ. ಉದ್ದನೆಯ ಮೇಜಿನ ಮೇಲೆ ಸಾಲಾಗಿ ಬಿಳಿ ಬಟ್ಟಲುಗಳು. ಒಂದೊಂದರಿಂದ ಒಂದು ಚಮಚ ಸೊರ್ರನೆ ಹೀರಿ, ನಾಲಿಗೆಯ ಮೇಲೆ ಹೊರಳಿಸಿ, ಉಗುಳಿ, ಯಾವುದು ಪ್ಯಾಕೆಟ್ಟಿಗೆ, ಯಾವುದು ವಾಪಸ್ಸು ಎಂದು ಬರೆದುಕೊಡಬೇಕು. ಹೀರುವ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚಿ ಸುಮ್ಮನೆ ನಿಲ್ಲುತ್ತಿದ್ದಳು. ನಿನ್ನ ಯೋಗವನ್ನೇ ನಾನು ಚಮಚದಲ್ಲಿ ಮಾಡೋದು ಎಂದು ತಂಗಿಯನ್ನು ಛೇಡಿಸುತ್ತಿದ್ದಳು. ಇಪ್ಪತ್ತೆರಡು ವರ್ಷ ಕಂಪನಿಯಲ್ಲಿ ಅವಳ ಮಾತಿಗೆ ಎದುರು ಮಾತಿರಲಿಲ್ಲ.

ಒಂದು ಚಳಿಗಾಲ ಅಕ್ಕನಿಗೆ ಜ್ವರ, ನೆಗಡಿ ಹತ್ತಿಕೊಂಡಿತು. ವಾಸಿಯಾದ ಮೇಲೆ ಹೊಸ ಅಭ್ಯಾಸವೊಂದು ಶುರುವಾಯಿತು. ಆಫೀಸಿನಿಂದ ಸಣ್ಣ ಪೊಟ್ಟಣಗಳಲ್ಲಿ ಚಹಾಪುಡಿ ತರುವಳು, ಬೆಳಿಗ್ಗೆ ಎದ್ದು ಚಹಾ ಮಾಡಿ ತಂಗಿಯ ಕೈಗಿಟ್ಟು ಎದುರಿಗೇ ನಿಲ್ಲುವಳು. ಒಗರಿದೆಯಾ, ಬೇರೆ ಏನಾದರೂ ವಾಸನೆ ಬರುತ್ತಾ ಎಂದು ಬಿಡಿಸಿ ಬಿಡಿಸಿ ಕೇಳುವಳು. ತಂಗಿಗೋ ಆರು ಗಂಟೆಯ ಕ್ಲಾಸಿನ ಆತುರ. ಕಂಕುಳಲ್ಲಿ ಚಾಪೆ, ಕಣ್ಣೆಲ್ಲ ಫೋನಿನ ಮೇಲೆ. ನಿಂತಲ್ಲೇ ಗಟಗಟ ಕುಡಿದು, ಚೆನ್ನಾಗಿದೆ ಅಕ್ಕ ಎಂದು ಮೆಟ್ಟಿಲು ಹತ್ತಿಬಿಡುವಳು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಕ್ಕನ ಆಫೀಸಿನ ಗುಮಾಸ್ತರು ಅವಳನ್ನು ಮನೆಗೆ ಕರೆತಂದು ಬಿಟ್ಟರು. ಅಕ್ಕ ನೇರ ಒಳಗೆ ಹೋದಳು. ಗುಮಾಸ್ತರು ಬಾಗಿಲಲ್ಲೇ ನಿಂತು ತಗ್ಗಿದ ದನಿಯಲ್ಲಿ ವಿಷಯ ತಿಳಿಸಿದರು. ಮುಗ್ಗಲು ಹಿಡಿದ ಚಹಾ ಅಕ್ಕನ ಸಹಿಯೊಂದಿಗೆ ಅಂಗಡಿಗಳಿಗೆ ಹೋಗಿ, ರಾಶಿ ರಾಶಿ ವಾಪಸ್ಸು ಬಂದಿತ್ತು. ಮ್ಯಾನೇಜರು ಒಳ್ಳೆಯದು, ಕೆಟ್ಟದ್ದು ಎರಡು ಬಟ್ಟಲು ಮುಂದಿಟ್ಟರು. ಅಕ್ಕನಿಗೆ ಯಾವುದು ಯಾವುದೆಂದು ತಿಳಿಯಲಿಲ್ಲ. ಜ್ವರದಲ್ಲಿ ಹೋದ ವಾಸನೆ, ರುಚಿ ಮತ್ತೆ ಬಂದೇ ಇರಲಿಲ್ಲ.

ತಂಗಿ ಒಳಗೆ ಹೋದಾಗ ಅಕ್ಕ ಸೀರೆ ಕೂಡ ಬದಲಿಸದೆ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತಿದ್ದಳು.

“ನನಗೆ ಯಾಕಕ್ಕ ಹೇಳಲಿಲ್ಲ?”

“ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ. ಅಲ್ಲಿವರೆಗೆ ನೀನು ಹೇಳಿದ್ದನ್ನೇ ಬರೆದೆ,” ಎಂದಳು ಅಕ್ಕ. “ಊರಿಗೆಲ್ಲ ಗಮನ ಕಲಿಸೋಳು ನೀನು. ನಿನ್ನ ನಾಲಿಗೆ ತಪ್ಪುತ್ತೆ ಅಂತ ನನಗೆ ಹೊಳೀಲಿಲ್ಲ.”

ತಪ್ಪು ನನ್ನದೇ ಬಿಡು, ಸಹಿ ಹಾಕಿದವಳು ನಾನು ಎಂದೂ ಸೇರಿಸಿದಳು. ಬೈದಿದ್ದರೆ ತಂಗಿಗೆ ಎಷ್ಟೋ ಹಗುರವಾಗುತ್ತಿತ್ತು.

ಕಪಾಟಿನಲ್ಲಿ ಆ ಸರಕಿನ ಪೊಟ್ಟಣ ಅರ್ಧ ಉಳಿದಿತ್ತು. ತಂಗಿ ನೀರು ಕಾಯಿಸಿ, ಪುಡಿ ಹಾಕಿ, ನೆಲದ ಮೇಲೆ ಕುಳಿತು ಒಂದೇ ಗುಟುಕು ಕುಡಿದಳು. ಒದ್ದೆ ಗೋಣಿಚೀಲದ ವಾಸನೆ ಮೂಗಿಗೆ ರಪ್ಪೆಂದು ಹೊಡೆಯಿತು. ಅದನ್ನು ಹಿಡಿಯಲು ಯಾವ ಪರಿಣತಿಯೂ ಬೇಕಿರಲಿಲ್ಲ. ಇಂಥದ್ದನ್ನು ಒಂದು ಲೋಟ ಪೂರ್ತಿ ಕುಡಿದು ಚೆನ್ನಾಗಿದೆ ಎಂದಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅವಳು ಕಂಪನಿಗೆ ಹೋಗಿ ನಡೆದದ್ದನ್ನೆಲ್ಲ ಒಪ್ಪಿಕೊಂಡಳು. ಮ್ಯಾನೇಜರು ಮರ್ಯಾದೆಯಿಂದಲೇ ಕೇಳಿಸಿಕೊಂಡರು, ಆದರೆ ಅಕ್ಕನಿಗೆ ಹಳೆಯ ಮೇಜು ಸಿಗಲಿಲ್ಲ. ಗೋದಾಮಿನಲ್ಲಿ ಪ್ಯಾಕೆಟ್ಟುಗಳಿಗೆ ಚೀಟಿ ಅಂಟಿಸುವವರ ಮೇಲ್ವಿಚಾರಣೆ ಕೊಟ್ಟರು.

ಉಸಿರು ಟೀಚರ್ ಆರರ ಕ್ಲಾಸನ್ನು ಏಳಕ್ಕೆ ಹಾಕಿಕೊಂಡಳು. ಯಾಕೆಂದು ಶಿಷ್ಯರು ಕೇಳಿದರೆ ಮನೆಯಲ್ಲಿ ಕೆಲಸವಿದೆ ಎನ್ನುತ್ತಾಳೆ, ನಿಜ ಹೇಳಲು ಈಗಲೂ ಬಾಯಿ ಬರುವುದಿಲ್ಲ. ಆ ಒಂದು ಗಂಟೆ ಅಕ್ಕತಂಗಿಯರು ಎದುರುಬದುರು ಕೂರುತ್ತಾರೆ. ತಂಗಿ ಗುಟುಕು ಗುಟುಕಾಗಿ ಕುಡಿಯುತ್ತ, ಮೊದಲು ಒಗರು ಬಂತು, ಆಮೇಲೆ ಸಣ್ಣಗೆ ಸಿಹಿ ಎಂದು ವಿವರಿಸುತ್ತಾಳೆ. ಅಕ್ಕ ತನ್ನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಲೆಯಾಡಿಸುತ್ತಾಳೆ.

ಕುಡಿದರೆ ನಿನಗೇನು ತಿಳಿಯುತ್ತಕ್ಕ ಎಂದು ಒಮ್ಮೆ ತಂಗಿ ತಡೆಯಲಾರದೆ ಕೇಳಿದಳು.

“ಬಿಸಿ ಇದೆ ಅಂತ ತಿಳಿಯುತ್ತೆ,” ಎಂದಳು ಅಕ್ಕ. “ನೀನು ಹೇಳ್ತಾ ಇರು.”